ಎದುರು ಸಿಕ್ಕಾಗ ‘ಒಳ್ಳೇ ಐಡಿಯಾ’, ಮೀಟಿಂಗ್‌ನಲ್ಲಿ ಮೌನ: ಇದು ಯಾಕೆ ಹೀಗಾಗುತ್ತದೆ?

ಪ್ರಶ್ನೆ: ನಾನು ಒಂದು ತಯಾರಿಕಾ ಕಂಪನಿಯ ಕ್ವಾಲಿಟಿ ವಿಭಾಗದಲ್ಲಿ ಒಂಬತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಗ್ರಾಹಕರಿಂದ ವಾಪಸ್ ಬರುವ ಮಾಲು ಜಾಸ್ತಿಯಾಗುತ್ತಿದೆ. ಅದಕ್ಕೆ ಲೈನ್‌ನ ಮಧ್ಯದಲ್ಲೇ ಇನ್ನೊಂದು ತಪಾಸಣೆ ಇಡೋಣ ಎಂದು ಪ್ರಸ್ತಾವ ತಯಾರು ಮಾಡಿದೆ. ಎದುರು ಸಿಕ್ಕಾಗ ಎಲ್ಲರೂ ‘ಒಳ್ಳೇ ಐಡಿಯಾ’ ಅಂದರು. ಮೀಟಿಂಗ್‌ನಲ್ಲಿ ಮಾತ್ರ ಪ್ರೊಡಕ್ಷನ್ ಮುಖ್ಯಸ್ಥರು ಅದನ್ನು ಚಿಂದಿ ಮಾಡಿದರು. ಸೇಲ್ಸ್‌ನವರು ಸುಮ್ಮನಿದ್ದರು. ನನ್ನ ಬಾಸ್ ಕೂಡ ಬಾಯಿ ಬಿಡಲಿಲ್ಲ. ನಾಲ್ಕು ತಿಂಗಳ ಮೇಲೆ ಅದೇ ಪ್ರಸ್ತಾವದ ಅರ್ಧ ಭಾಗ ಪ್ರೊಡಕ್ಷನ್‌ನವರ ಹೆಸರಿನಲ್ಲಿ ಜಾರಿಗೆ ಬಂತು. ಮೆಚ್ಚುಗೆಯೂ ಅವರಿಗೇ ಸಿಕ್ಕಿತು. ಬಾಸ್ ಹತ್ತಿರ ಬೇಜಾರು ಹೇಳಿಕೊಂಡರೆ ‘ನೀವು ಸ್ವಲ್ಪ ಪಾಲಿಟಿಕ್ಸ್ ಕಲೀಬೇಕು’ ಅಂದರು. ನಮ್ಮದೇ ಟೀಮ್‌ನ ಇನ್ನೊಬ್ಬರು ಸದಾ ದೊಡ್ಡ ಬಾಸ್ ಕ್ಯಾಬಿನ್‌ನಲ್ಲೇ ಇರುತ್ತಾರೆ, ಅವರಿಗೆ ಪ್ರಮೋಷನ್ ಆಯಿತು. ನನಗೆ ಬಕೆಟ್ ಹಿಡಿಯಲು ಬರುವುದಿಲ್ಲ. ಕೆಲಸ ಚೆನ್ನಾಗಿ ಮಾಡಿದರೆ ಸಾಲದಾ? ನಾನೂ ಇದನ್ನೆಲ್ಲ ಕಲಿಯಬೇಕಾ, ಇಲ್ಲ ಕೆಲಸ ಬಿಡಬೇಕಾ?

ಉತ್ತರ: ನಿಮ್ಮ ಬೇಜಾರು ನ್ಯಾಯವಾದದ್ದು. ಆದರೆ ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ವಿಷಯಗಳು ಒಂದೇ ‘ಪಾಲಿಟಿಕ್ಸ್’ ಎಂಬ ಹೆಸರಿನಲ್ಲಿ ಕಲೆತುಹೋಗಿವೆ. ಮೀಟಿಂಗ್‌ನಲ್ಲಿ ಬಂದ ವಿರೋಧ ಒಂದು. ಕ್ರೆಡಿಟ್ ಬೇರೆಯವರ ಪಾಲಾದದ್ದು ಇನ್ನೊಂದು. ಸಹೋದ್ಯೋಗಿಯ ಪ್ರಮೋಷನ್ ಮೂರನೆಯದು. ಇವುಗಳ ಕಾರಣ ಬೇರೆ, ಔಷಧಿಯೂ ಬೇರೆ. ಎಲ್ಲವನ್ನೂ ‘ಜನ ಸರಿ ಇಲ್ಲ’ ಎಂಬ ಒಂದೇ ಕಾರಣಕ್ಕೆ ಕಟ್ಟಿಹಾಕಿದರೆ ನಿಮ್ಮ ಕೈಗೆ ಮಾಡಲು ಏನೂ ಉಳಿಯುವುದಿಲ್ಲ. ಜನರ ಸ್ವಭಾವವನ್ನು ನಾವು ಬದಲಿಸಲು ಆಗುವುದಿಲ್ಲ ಅಲ್ವಾ?

ಮೊದಲು ಮೀಟಿಂಗ್ ನೋಡೋಣ. ಅದರಲ್ಲೇ ಹೆಚ್ಚು ಕಲಿಯುವುದಿದೆ.

ಪ್ರೊಡಕ್ಷನ್ ಮುಖ್ಯಸ್ಥರನ್ನು ಅವರ ಮೇಲಿನವರು ದಿನಾ ಸಂಜೆ ಏನು ಕೇಳುತ್ತಾರೆ? ‘ಇವತ್ತು ಎಷ್ಟು ಪೀಸ್ ಆಯ್ತು?’ ಬಹುತೇಕ ಕಾರ್ಖಾನೆಗಳಲ್ಲಿ ಇದೇ ಪ್ರಶ್ನೆ. ಗ್ರಾಹಕ ಎಷ್ಟು ವಾಪಸ್ ಕಳಿಸಿದ ಎಂದು ಅವರನ್ನು ಕೇಳುವುದು ಅಪರೂಪ. ನಿಮ್ಮ ತಪಾಸಣೆ ಬಂದರೆ ಲೈನ್ ನಿಧಾನವಾಗುತ್ತದೆ. ಆ ನಷ್ಟ ಅವರ ಲೆಕ್ಕಕ್ಕೆ ಹೋಗುತ್ತದೆ. ವಾಪಸ್ ಬರುವ ಮಾಲು ಕಡಿಮೆಯಾದರೆ ಅದರ ಲಾಭ ಸೇಲ್ಸ್‌ನವರ, ಸರ್ವಿಸ್‌ನವರ, ನಿಮ್ಮ ವಿಭಾಗದವರ ಲೆಕ್ಕಕ್ಕೆ ಬರುತ್ತದೆ. ಅಂದರೆ ಖರ್ಚು ಒಬ್ಬರದು, ಉಳಿತಾಯ ಇನ್ನೊಬ್ಬರದು. ಈ ಏರ್ಪಾಟಿನಲ್ಲಿ ಆ ಕುರ್ಚಿಯಲ್ಲಿ ಯಾರೇ ಕೂತರೂ, ನೀವೇ ಕೂತರೂ, ಮೊದಲ ಮಾತು ‘ಬೇಡ’ ಎಂದೇ ಬರುತ್ತದೆ.

ಸೇಲ್ಸ್ ಮುಖ್ಯಸ್ಥರಿಗೆ ನಿಮ್ಮ ಪ್ರಸ್ತಾವದಿಂದ ಲಾಭವೇ ಇತ್ತು. ಆದರೂ ಮಾತಾಡಲಿಲ್ಲ. ಯಾಕಿರಬಹುದು? ತಿಂಗಳ ಕೊನೆಯಲ್ಲಿ ಮಾಲು ಬೇಗ ಕಳಿಸಿ ಎಂದು ಅವರು ಪ್ರೊಡಕ್ಷನ್‌ನವರ ಕೈಕಾಲು ಹಿಡಿಯಬೇಕು. ಎರಡು ತಿಂಗಳ ಆಮೇಲೆ ಬರಬಹುದಾದ ಲಾಭಕ್ಕಾಗಿ ಈ ತಿಂಗಳು ಬೇಕಾದ ಸ್ನೇಹ ಕೆಡಿಸಿಕೊಳ್ಳಲು ಹೆಚ್ಚಿನವರು ತಯಾರಿರುವುದಿಲ್ಲ. ಎದುರು ಸಿಕ್ಕಾಗ ‘ಒಳ್ಳೇ ಐಡಿಯಾ’ ಅಂದದ್ದು ಸುಳ್ಳಾಗಿರಬೇಕಿಲ್ಲ. ಐಡಿಯಾ ಒಳ್ಳೆಯದು ಅನ್ನುವುದಕ್ಕೂ, ಅದಕ್ಕಾಗಿ ಎಲ್ಲರೆದುರು ಒಬ್ಬರನ್ನು ಎದುರು ಹಾಕಿಕೊಳ್ಳುತ್ತೇನೆ ಅನ್ನುವುದಕ್ಕೂ ಬಹಳ ದೂರವಿದೆ. ನೀವು ಮೊದಲನೆಯದನ್ನು ಕೇಳಿಸಿಕೊಂಡು ಎರಡನೆಯದನ್ನೂ ಅವರು ಕೊಟ್ಟರು ಎಂದುಕೊಂಡಿರಿ.

ಇದರಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಜನ ತಮ್ಮ ಲಾಭಕ್ಕಾಗಿ ಬೇಕಂತಲೇ ಸತ್ಯ ಮರೆಮಾಡುತ್ತಾರೆ ಎಂದು ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಅವರಿಗೆ ನಿಜವಾಗಿಯೂ ಬೇರೆಯೇ ಕಾಣಿಸುತ್ತಿರುತ್ತದೆ. 1958ರಲ್ಲಿ ಡೆವಿಟ್ ಡಿಯರ್‌ಬಾರ್ನ್ ಮತ್ತು ಹರ್ಬರ್ಟ್ ಸೈಮನ್ ಎಂಬ ಸಂಶೋಧಕರು ಒಂದು ಸರಳ ಪ್ರಯೋಗದ ವರದಿ ಪ್ರಕಟಿಸಿದರು. ಒಂದೇ ಕಂಪನಿಯ 23 ಅಧಿಕಾರಿಗಳಿಗೆ ಒಂದು ಉಕ್ಕಿನ ಕಂಪನಿಯ ಕಥೆಯನ್ನು ಓದಲು ಕೊಟ್ಟು, ಈ ಕಂಪನಿಯ ಮುಖ್ಯ ಸಮಸ್ಯೆ ಏನು ಎಂದು ಕೇಳಿದರು. ಸೇಲ್ಸ್ ವಿಭಾಗದ 6 ಜನರಲ್ಲಿ 5 ಜನ ‘ಮಾರಾಟದ ಸಮಸ್ಯೆ’ ಅಂದರು. ಉಳಿದ 17 ಜನರಲ್ಲಿ ಹಾಗೆ ಅಂದವರು 5 ಜನ ಮಾತ್ರ. ಓದಿದ್ದು ಒಂದೇ ಕಾಗದ. ಇಡೀ ಕಂಪನಿಯ ದೃಷ್ಟಿಯಿಂದ ನೋಡಿ ಎಂದು ಹೇಳಿಯೂ ಇದ್ದರು. ಆದರೂ ಹೆಚ್ಚಿನವರ ಕಣ್ಣು ತಾವು ದಿನಾ ಮಾಡುವ ಕೆಲಸದ ಕಡೆಗೇ ಹೋಯಿತು. ನಿಮ್ಮ ಪ್ರೊಡಕ್ಷನ್ ಮುಖ್ಯಸ್ಥರಿಗೆ ಆ ಪ್ರಸ್ತಾವ ಓದಿದಾಗ ‘ಲೈನ್ ನಿಲ್ಲುತ್ತದೆ’ ಎಂಬುದೇ ದೊಡ್ಡದಾಗಿ ಕಂಡಿರಬಹುದು. ನಿಮಗೆ ‘ಗ್ರಾಹಕ ಬೈಯುತ್ತಾನೆ’ ಎಂಬುದು ದೊಡ್ಡದಾಗಿ ಕಂಡ ಹಾಗೆ.

ಕಂಪನಿ ಅಂದರೆ ಎಲ್ಲರೂ ಒಂದೇ ಗುರಿಗೆ ದುಡಿಯುವ ಜಾಗ ಎಂದು ನಮಗೆ ಹೇಳಿಕೊಡುತ್ತಾರೆ. ರಿಚರ್ಡ್ ಸೈಯರ್ಟ್ ಮತ್ತು ಜೇಮ್ಸ್ ಮಾರ್ಚ್ ಎಂಬ ಸಂಶೋಧಕರು 1963ರಲ್ಲಿ ಇದನ್ನು ಬೇರೆ ರೀತಿ ವಿವರಿಸಿದರು. ಅವರ ಪ್ರಕಾರ ಕಂಪನಿ ಎಂಬುದು ಬೇರೆ ಬೇರೆ ಹಿತಾಸಕ್ತಿಗಳ ಒಂದು ಮೈತ್ರಿಕೂಟ. ಸೇಲ್ಸ್‌ಗೆ ಒಂದು ಗುರಿ, ಪ್ರೊಡಕ್ಷನ್‌ಗೆ ಇನ್ನೊಂದು, ಹಣಕಾಸಿನವರಿಗೆ ಮತ್ತೊಂದು. ಈ ಗುರಿಗಳು ಪೂರ್ತಿ ಹೊಂದಿಕೆಯಾಗುವುದೇ ಇಲ್ಲ. ಹಾಗಾದರೆ ಕಂಪನಿ ಹೇಗೆ ನಡೆಯುತ್ತದೆ? ಒಂದೊಂದು ಸಮಯದಲ್ಲಿ ಒಂದೊಂದು ಗುರಿಗೆ ಗಮನ ಕೊಡುತ್ತಾ ನಡೆಯುತ್ತದೆ. ಈ ವಾರ ಉತ್ಪಾದನೆ, ಮುಂದಿನ ವಾರ ದೊಡ್ಡ ಗ್ರಾಹಕನಿಂದ ದೂರು ಬಂದರೆ ಗುಣಮಟ್ಟ, ವರ್ಷದ ಕೊನೆಗೆ ಖರ್ಚು. ನೀವು ಒಂಬತ್ತು ವರ್ಷ ಕ್ವಾಲಿಟಿಯಲ್ಲಿದ್ದವರು, ಇದನ್ನು ನೋಡಿಯೇ ಇರುತ್ತೀರಿ. ದೂರು ಬಂದ ವಾರ ನಿಮ್ಮ ಮಾತಿಗೆ ಎಷ್ಟು ಬೆಲೆ, ಉಳಿದ ವಾರಗಳಲ್ಲಿ ಎಷ್ಟು! ಅದೇ ಪ್ರಸ್ತಾವ ತಪ್ಪು ವಾರದಲ್ಲಿ ಹೋದರೆ ಬೀಳುತ್ತದೆ, ಸರಿಯಾದ ವಾರದಲ್ಲಿ ಹೋದರೆ ನಿಲ್ಲುತ್ತದೆ.

ಇನ್ನು ನಿಮ್ಮ ಬಾಸ್. ಅವರ ಬಗ್ಗೆ ನನಗೆ ಅಷ್ಟು ಮೃದುವಾಗಿ ಮಾತಾಡಲು ಆಗುತ್ತಿಲ್ಲ. ಕೈಕೆಳಗಿನವರ ಪ್ರಸ್ತಾವ ಮೀಟಿಂಗ್‌ಗೆ ಹೋಗುವ ಮೊದಲು ಎದುರಿನವರ ಮನಸ್ಸಿನಲ್ಲಿ ಏನಿದೆ ಎಂದು ತಿಳಿದುಕೊಳ್ಳುವುದು ಅವರ ಕೆಲಸದ ಭಾಗ. ಮುಖ್ಯಸ್ಥರು ಮುಖ್ಯಸ್ಥರ ಜೊತೆ ಮಾತಾಡಬೇಕು. ಅದನ್ನು ಮಾಡದೆ ಆಮೇಲೆ ‘ಪಾಲಿಟಿಕ್ಸ್ ಕಲಿಯಿರಿ’ ಎಂದು ಹೇಳುವುದು ತನ್ನ ಜವಾಬ್ದಾರಿಯನ್ನು ನಿಮ್ಮ ತಲೆಗೆ ಕಟ್ಟಿದ ಹಾಗೆ. ಹಾಗಂತ ಅವರು ನಿಮ್ಮ ಶತ್ರು ಅಲ್ಲ. ಅವರಿಗೂ ಆ ಪ್ರೊಡಕ್ಷನ್ ಮುಖ್ಯಸ್ಥರಿಂದ ಏನೋ ಆಗಬೇಕಿತ್ತು ಅನ್ನಿಸುತ್ತದೆ. ಹೊಸ ಜಾಗವೋ, ಜನವೋ, ಬಜೆಟ್‌ಗೆ ಒಪ್ಪಿಗೆಯೋ. ಅವರನ್ನೇ ನೇರವಾಗಿ ಕೇಳಿ, ಆದರೆ ದೂರಿನ ದನಿಯಲ್ಲಿ ಬೇಡ: ‘ಸರ್, ಅವತ್ತು ನೀವು ಇದಕ್ಕೆ ಬೆಂಬಲ ಕೊಟ್ಟಿದ್ದರೆ ನಿಮಗೆ ಏನು ಕಷ್ಟ ಆಗುತ್ತಿತ್ತು? ಗೊತ್ತಾದರೆ ಮುಂದಿನ ಸಲ ಅದನ್ನು ನೋಡಿಕೊಂಡು ತಯಾರಿ ಮಾಡುತ್ತೇನೆ.’ ಈ ಪ್ರಶ್ನೆಗೆ ಬರುವ ಉತ್ತರ ನಿಮಗೆ ಯಾವ ತರಬೇತಿಗಿಂತಲೂ ಜಾಸ್ತಿ ಕಲಿಸುತ್ತದೆ. ಉತ್ತರವೇ ಬರದಿದ್ದರೆ ಅದೂ ಒಂದು ಮಾಹಿತಿ.

ಹಾಗಾದರೆ ಪ್ರಸ್ತಾವ ಹೇಗೆ ಮಾಡಬೇಕಿತ್ತು? ಇಲ್ಲಿ ನನಗೆ ಮೇರಿ ಪಾರ್ಕರ್ ಫಾಲೆಟ್ ನೆನಪಾಗುತ್ತಾರೆ. 1920ರ ದಶಕದಲ್ಲೇ, ಮ್ಯಾನೇಜ್‌ಮೆಂಟ್ ಎಂಬುದು ಇನ್ನೂ ಪಾಠದ ವಿಷಯವಾಗಿ ಗಟ್ಟಿಯಾಗುವ ಮೊದಲೇ, ಜಗಳದ ಬಗ್ಗೆ ಬಹಳ ಸ್ಪಷ್ಟವಾಗಿ ಯೋಚಿಸಿದ ಹೆಣ್ಣುಮಗಳು. ಭಿನ್ನಾಭಿಪ್ರಾಯ ಬಂದಾಗ ಮೂರು ದಾರಿ ಎಂದು ಅವರು ಹೇಳಿದರು. ಒಬ್ಬರು ಇನ್ನೊಬ್ಬರನ್ನು ಮಣಿಸುವುದು. ಇಬ್ಬರೂ ಅರ್ಧ ಅರ್ಧ ಬಿಟ್ಟುಕೊಡುವುದು. ಮೂರನೆಯದು, ಇಬ್ಬರ ನಿಜವಾದ ಅಗತ್ಯವೂ ಈಡೇರುವ ಹೊಸ ದಾರಿ ಹುಡುಕುವುದು. ಅವರೇ ಕೊಟ್ಟ ಉದಾಹರಣೆ ಇದು: ಗ್ರಂಥಾಲಯದ ಚಿಕ್ಕ ಕೋಣೆಯಲ್ಲಿ ಒಬ್ಬರಿಗೆ ಕಿಟಕಿ ತೆರೆಯಬೇಕು, ಫಾಲೆಟ್‌ಗೆ ಮುಚ್ಚಬೇಕು. ಕೊನೆಗೆ ಯಾರೂ ಇಲ್ಲದ ಪಕ್ಕದ ಕೋಣೆಯ ಕಿಟಕಿ ತೆರೆದರು. ಯಾಕೆಂದರೆ ಆ ಇನ್ನೊಬ್ಬರಿಗೆ ಬೇಕಾಗಿದ್ದು ಕೋಣೆಗೆ ಗಾಳಿ, ಅದೇ ಕಿಟಕಿ ತೆರೆಯಲೇಬೇಕು ಎಂದೇನೂ ಇರಲಿಲ್ಲ. ಫಾಲೆಟ್‌ಗೆ ಬೇಡವಾಗಿದ್ದು ತನ್ನ ಮೈಮೇಲೆ ನೇರವಾಗಿ ಬೀಸುವ ಗಾಳಿ ಅಷ್ಟೇ.

ನಿಮ್ಮ ವಿಷಯದಲ್ಲಿ ಪಕ್ಕದ ಕೋಣೆಯ ಕಿಟಕಿ ಯಾವುದು? ನಿಮಗೆ ಬೇಕಾದದ್ದು ಕೆಟ್ಟ ಪೀಸ್ ಹೊರಗೆ ಹೋಗಬಾರದು ಎಂಬುದು. ಅವರಿಗೆ ಬೇಕಾದದ್ದು ದಿನದ ಸಂಖ್ಯೆ ಬೀಳಬಾರದು ಎಂಬುದು. ಇವೆರಡೂ ಒಂದಕ್ಕೊಂದು ವಿರುದ್ಧವಲ್ಲ. ವಿರುದ್ಧವಾಗಿರುವುದು ‘ಲೈನ್ ಮಧ್ಯದಲ್ಲಿ ಪ್ರತಿ ಪೀಸ್ ತಪಾಸಣೆ’ ಎಂಬ ನಿಮ್ಮ ನಿರ್ದಿಷ್ಟ ದಾರಿ. ಶಿಫ್ಟ್ ಬದಲಾದ ಮೇಲಿನ ಮೊದಲ ಗಂಟೆಯಲ್ಲಿ ಮಾತ್ರ ತಪಾಸಣೆ ಮಾಡಿದರೆ? ವಾಪಸ್ ಬಂದ ಮಾಲಿನಲ್ಲಿ ಹೆಚ್ಚಿನದು ಯಾವ ಮೆಷಿನ್‌ನಿಂದ ಬಂದಿದೆ ಎಂದು ನೋಡಿ ಆ ಒಂದು ಕಡೆ ಮಾತ್ರ ಮಾಡಿದರೆ? ಹೊರಗಿನಿಂದ ಬರುವ ಕಚ್ಚಾ ಮಾಲಿನ ಹಂತದಲ್ಲೇ ಹಿಡಿದರೆ? ಅವರು ಜಾರಿಗೆ ತಂದ ‘ಅರ್ಧ ಭಾಗ’ ಯಾವುದು ಎಂದು ಗಮನವಿಟ್ಟು ನೋಡಿ. ಲೈನ್ ನಿಧಾನ ಮಾಡದ ಅರ್ಧವೇ ಅದಾಗಿದ್ದರೆ, ಅವರ ವಿರೋಧ ಎಲ್ಲಿತ್ತು ಎಂದು ಅದೇ ಹೇಳುತ್ತದೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ದಾರಿಯಿದೆ: ಅಳತೆಯನ್ನೇ ಬದಲಿಸುವುದು. ‘ತಪಾಸಣೆಗೆ ಹೋಗುವ ಸಮಯವನ್ನು ಪ್ರೊಡಕ್ಷನ್ ಟಾರ್ಗೆಟ್‌ನಿಂದ ಕಳೆಯಬೇಕು’ ಎಂದು ನಿಮ್ಮ ಪ್ರಸ್ತಾವದಲ್ಲೇ ಬರೆದಿದ್ದರೆ ಅವರ ಅರ್ಧ ವಿರೋಧ ಅಲ್ಲೇ ಕರಗುತ್ತಿತ್ತು. ಅಥವಾ ವಾಪಸ್ ಬಂದ ಪೀಸ್‌ಗಳನ್ನು ಆ ತಿಂಗಳ ಉತ್ಪಾದನೆಯಿಂದ ಕಳೆದು ಲೆಕ್ಕ ಹಾಕುವಂತಾದರೆ, ನಿಮ್ಮ ತಪಾಸಣೆ ಬೇಕು ಎಂದು ಅವರೇ ಕೇಳಿಕೊಂಡು ಬರುತ್ತಾರೆ. ಈ ಎರಡನೆಯದನ್ನು ನೀವು ಒಬ್ಬರೇ ಮಾಡಿಸಲು ಆಗುವುದಿಲ್ಲ. ಮೇಲಿನವರಿಂದಲೇ ಆಗಬೇಕು. ಆದರೆ ಅದನ್ನು ಕಾಗದದಲ್ಲಿ ತೋರಿಸುವುದು ನಿಮ್ಮ ಕೈಲಿದೆ.

ಅಳತೆಯ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಕಚೇರಿಗಳಲ್ಲಿ ನಡೆಯುವ ಕಿತ್ತಾಟದ ದೊಡ್ಡ ಪಾಲು ಅಳತೆಯಿಂದಲೇ ಹುಟ್ಟುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. ಸ್ಟೀವನ್ ಕೆರ್ ಎಂಬ ಮ್ಯಾನೇಜ್‌ಮೆಂಟ್ ವಿದ್ವಾಂಸರು 1975ರಲ್ಲಿ ಒಂದು ಚಿಕ್ಕ ಲೇಖನದಲ್ಲಿ ಇದನ್ನು ಬಿಡಿಸಿ ಹೇಳಿದರು. ಸಂಸ್ಥೆಗಳು ಬಯಸುವುದು ಒಂದು, ಬಹುಮಾನ ಕೊಡುವುದು ಇನ್ನೊಂದಕ್ಕೆ. ಟೀಮ್‌ವರ್ಕ್ ಬೇಕು ಅನ್ನುತ್ತಾರೆ, ಇನ್‌ಕ್ರಿಮೆಂಟ್ ಕೊಡುವುದು ಒಬ್ಬೊಬ್ಬರಿಗೆ. ಗುಣಮಟ್ಟ ಬೇಕು ಅನ್ನುತ್ತಾರೆ, ಚಪ್ಪಾಳೆ ತಟ್ಟುವುದು ಸಂಖ್ಯೆಗೆ. ಇದರ ಕೆಟ್ಟ ರೂಪ ಒಂದಿದೆ: ಪ್ರತಿ ಟೀಮ್‌ನಲ್ಲೂ ಇಷ್ಟು ಜನ ‘ಉತ್ತಮ’, ಇಷ್ಟು ಜನ ‘ಕಳಪೆ’ ಎಂದು ಮೊದಲೇ ಪಾಲು ನಿಗದಿ ಮಾಡಿ ರೇಟಿಂಗ್ ಕೊಡುವ ಪದ್ಧತಿ. ಪಕ್ಕದವರಿಗೆ ಸಹಾಯ ಮಾಡಿದರೆ ನನ್ನ ಸ್ಥಾನ ಕೆಳಗಿಳಿಯುತ್ತದೆ ಎಂದಾದರೆ ಯಾರು ಸಹಾಯ ಮಾಡುತ್ತಾರೆ? ಮೈಕ್ರೋಸಾಫ್ಟ್ ಇಂಥ ಪದ್ಧತಿಯನ್ನು ವರ್ಷಗಟ್ಟಲೆ ನಡೆಸಿ 2013ರ ನವೆಂಬರ್‌ನಲ್ಲಿ ಕೈಬಿಟ್ಟಿತು. ನಿಮ್ಮಲ್ಲಿ ಅಪ್ರೈಸಲ್ ಹೇಗೆ ನಡೆಯುತ್ತದೆ ಎಂದು ನೀವು ಬರೆದಿಲ್ಲ. ಹೀಗೇ ನಡೆಯುತ್ತಿದ್ದರೆ ನಿಮ್ಮ ಸಹೋದ್ಯೋಗಿಗಳ ವರ್ತನೆಗೆ ಅರ್ಧ ಕಾರಣ ಅಲ್ಲಿ ಸಿಗುತ್ತದೆ.

ಈಗ ಆ ಕ್ಯಾಬಿನ್ ಸಹೋದ್ಯೋಗಿಯ ವಿಷಯ. ಅವರು ಬಕೆಟ್ ಹಿಡಿಯುತ್ತಾರೋ ಇಲ್ಲವೋ ನನಗೆ ಗೊತ್ತಾಗುವ ದಾರಿಯಿಲ್ಲ. ಇರಬಹುದು, ಅಂಥವರು ಎಲ್ಲ ಕಡೆ ಇದ್ದಾರೆ. ಆದರೆ ಹಾಗೆ ತೀರ್ಮಾನಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಅವರು ಆ ದೊಡ್ಡ ಬಾಸ್‌ಗೆ ಯಾವ ಅನಿಶ್ಚಿತತೆಯನ್ನು ಕಡಿಮೆ ಮಾಡುತ್ತಿದ್ದಾರೆ?

ಈ ಪ್ರಶ್ನೆಯ ಹಿಂದೆ ಒಂದು ಹಳೆಯ ಅಧ್ಯಯನವಿದೆ. ಮಿಶೆಲ್ ಕ್ರೋಜಿಯೆ ಎಂಬ ಫ್ರೆಂಚ್ ಸಮಾಜಶಾಸ್ತ್ರಜ್ಞ ಫ್ರಾನ್ಸಿನ ಸರ್ಕಾರಿ ತಂಬಾಕು ಕಾರ್ಖಾನೆಗಳನ್ನು ಅಧ್ಯಯನ ಮಾಡಿ 1960ರ ದಶಕದ ಆರಂಭದಲ್ಲಿ ಪ್ರಕಟಿಸಿದರು. ಅಲ್ಲಿ ಎಲ್ಲಕ್ಕೂ ನಿಯಮ. ಯಾರು ಯಾವ ಜಾಗಕ್ಕೆ ಹೋಗಬೇಕು, ಯಾರಿಗೆ ಎಷ್ಟು ಸಂಬಳ, ಎಲ್ಲವೂ ಕಾಗದದಲ್ಲಿ ನಿಗದಿ. ಯಾರೂ ಮೊದಲೇ ಹೇಳಲಾಗದ ಸಂಗತಿ ಒಂದೇ: ಮೆಷಿನ್ ಯಾವಾಗ ಕೆಡುತ್ತದೆ? ಅದನ್ನು ರಿಪೇರಿ ಮಾಡಲು ಬರುತ್ತಿದ್ದದ್ದು ಮೇಂಟೆನೆನ್ಸ್ ಕೆಲಸಗಾರರಿಗೆ ಮಾತ್ರ. ಸಂಸ್ಥೆಯ ಪಟ್ಟಿಯಲ್ಲಿ ಅವರು ಮೇಲಿರಲಿಲ್ಲ. ಆದರೆ ಮೆಷಿನ್ ನಡೆಸುವವರು ಅವರ ಮೇಲೆ ಅವಲಂಬಿತರು, ಸೂಪರ್‌ವೈಸರ್‌ಗಳೂ ಅವರೆದುರು ಮೆತ್ತಗೆ. ರಿಪೇರಿಯ ಗುಟ್ಟನ್ನು ಅವರು ಬಾಯಿಂದ ಬಾಯಿಗೆ ತಮ್ಮವರಿಗೆ ಮಾತ್ರ ಹೇಳಿಕೊಡುತ್ತಿದ್ದರು, ಕಾಗದದ ಮೇಲೆ ಉಳಿಯಲು ಬಿಡುತ್ತಿರಲಿಲ್ಲ. ಕ್ರೋಜಿಯೆ ಇದರಿಂದ ಕಂಡುಕೊಂಡದ್ದು ಇದು: ಬೇರೆಯವರಿಗೆ ಮುಖ್ಯವಾದ ಅನಿಶ್ಚಿತತೆ ಯಾರ ಕೈಲಿದೆಯೋ ಅಧಿಕಾರ ಅವರ ಹತ್ತಿರ ಇರುತ್ತದೆ, ಹುದ್ದೆ ಏನೇ ಇರಲಿ.

ದೊಡ್ಡ ಹುದ್ದೆಯಲ್ಲಿ ಕೂತವರ ಅತಿ ದೊಡ್ಡ ಅನಿಶ್ಚಿತತೆ ಯಾವುದು ಗೊತ್ತಾ? ಕೆಳಗೆ ನಿಜವಾಗಿ ಏನು ನಡೆಯುತ್ತಿದೆ ಎಂಬುದು. ಮೇಲೆ ಹೋದಷ್ಟೂ ಸುದ್ದಿ ಸೋಸಿಕೊಂಡು ಬರುತ್ತದೆ. ಕೆಟ್ಟ ಸುದ್ದಿ ಕೊನೆಗೆ ಬರುತ್ತದೆ, ಇಲ್ಲ ಬರುವುದೇ ಇಲ್ಲ. ನಿಮ್ಮ ಸಹೋದ್ಯೋಗಿ ‘ಸರ್, ಈ ಆರ್ಡರ್ ಮೂರು ದಿನ ತಡ ಆಗಬಹುದು’ ಎಂದು ಮೊದಲೇ ಹೋಗಿ ಹೇಳುವವರಾಗಿದ್ದರೆ, ಅವರು ಅಲ್ಲಿ ಬೆಲೆಯುಳ್ಳ ಕೆಲಸವನ್ನೇ ಮಾಡುತ್ತಿದ್ದಾರೆ. ಇನ್ನೊಬ್ಬರ ಬಗ್ಗೆ ಚಾಡಿ ಹೇಳುವವರಾಗಿದ್ದರೆ ಮಾತು ಬೇರೆ. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ, ಅದೇ ತೊಂದರೆ. ಮೊದಲನೆಯದನ್ನು ನೀವೂ ಮಾಡಬಹುದು. ಅದಕ್ಕೆ ಹಲ್ಲು ಕಿರಿಯಬೇಕಿಲ್ಲ. ವಾಪಸ್ ಮಾಲಿನ ಬಗ್ಗೆ ನಿಮಗೆ ಗೊತ್ತಿರುವಷ್ಟು ಆ ಕಂಪನಿಯಲ್ಲಿ ಇನ್ಯಾರಿಗೂ ಗೊತ್ತಿರಲಿಕ್ಕಿಲ್ಲ. ಪ್ರತಿ ತಿಂಗಳು ಒಂದೇ ಪುಟ, ಐದಾರು ಸಾಲು: ಏನು ವಾಪಸ್ ಬಂತು, ಎಲ್ಲಿಂದ, ಯಾಕೆ, ಮುಂದಿನ ತಿಂಗಳು ಏನಾಗಬಹುದು. ನಿಮ್ಮ ಬಾಸ್ ಮೂಲಕವೇ ಮೇಲೆ ಹೋಗಲಿ. ಆರು ತಿಂಗಳು ಅದು ಸರಿಯಾಗಿ ನಡೆದರೆ, ವಾಪಸ್ ಮಾಲಿನ ಮಾತು ಬಂದಾಗ ನಿಮ್ಮನ್ನು ಕೇಳದೆ ಮುಂದೆ ಹೋಗುವುದು ಕಷ್ಟವಾಗುತ್ತದೆ.

ಕೆಲಸ ಚೆನ್ನಾಗಿ ಮಾಡಿದರೆ ಸಾಲದಾ ಎಂದು ಕೇಳಿದಿರಿ. ಸಾಲುವುದಿಲ್ಲ. ಯಾಕೆಂದರೆ ನಿಮ್ಮ ಕೆಲಸದ ಫಲ ಇನ್ನೊಬ್ಬರ ಒಪ್ಪಿಗೆಯ ಮೇಲೆ ನಿಂತಿದೆ. ಒಬ್ಬರೇ ಕೂತು ಮುಗಿಸುವ ಕೆಲಸವಾದರೆ ಮಾತು ಬೇರೆ ಇತ್ತು. ನಾಲ್ಕು ವಿಭಾಗ ಒಪ್ಪಬೇಕಾದ ಕೆಲಸದಲ್ಲಿ ಆ ಒಪ್ಪಿಗೆ ತರುವುದೂ ಕೆಲಸವೇ. ‘ನಾನು ಪಾಲಿಟಿಕ್ಸ್‌ನಿಂದ ದೂರ’ ಎಂದು ಒಳ್ಳೆಯವರು ಹಿಂದೆ ಸರಿದಾಗ ಆ ಜಾಗ ಖಾಲಿ ಉಳಿಯುವುದಿಲ್ಲ. ಅಲ್ಲಿ ಬಂದು ತಮ್ಮ ಬೇಳೆ ಬೇಯಿಸಿಕೊಳ್ಳುವವರು ಯಾವಾಗಲೂ ಇರುತ್ತಾರೆ. ನಿಮ್ಮಂಥವರು ಹಿಂದೆ ಸರಿದದ್ದರ ನಷ್ಟ ಕೊನೆಗೆ ಆ ಕೆಟ್ಟ ಪೀಸ್ ಕೈಗೆ ಸಿಕ್ಕ ಗ್ರಾಹಕನಿಗೆ.

ಒಪ್ಪಿಗೆ ತರಲು ಯಾರ ಮಾತು ಎಲ್ಲಿ ನಡೆಯುತ್ತದೆ ಎಂದು ತಿಳಿದಿರಬೇಕು. ಇದಕ್ಕೆ ಯಾರು ಯಾರ ಜೊತೆ ಊಟಕ್ಕೆ ಕೂರುತ್ತಾರೆ ಎಂದು ನೋಡುತ್ತಾ ಕೂರಬೇಡಿ. ಡೇವಿಡ್ ಕ್ರಾಕಾರ್ಟ್ ಎಂಬ ಸಂಶೋಧಕರು 1990ರಲ್ಲಿ 36 ಜನರಿದ್ದ ಒಂದು ಸಣ್ಣ ಕಂಪನಿಯ ಅಧ್ಯಯನ ಪ್ರಕಟಿಸಿದರು. ಕೆಲಸದಲ್ಲಿ ತೊಡಕು ಬಂದಾಗ ಯಾರು ಯಾರನ್ನು ಸಲಹೆ ಕೇಳುತ್ತಾರೆ ಎಂಬುದನ್ನು ಸರಿಯಾಗಿ ತಿಳಿದವರಿಗೆ ಅಲ್ಲಿ ಪ್ರಭಾವ ಹೆಚ್ಚಿತ್ತು. ಯಾರು ಯಾರ ಸ್ನೇಹಿತರು ಎಂದು ತಿಳಿದದ್ದರಿಂದ ಅಂಥ ಪ್ರಯೋಜನ ಕಾಣಲಿಲ್ಲ. ನನಗೆ ಇದು ಬಹಳ ಸಮಾಧಾನ ಕೊಟ್ಟ ಫಲಿತಾಂಶ. ಗಾಸಿಪ್‌ನಲ್ಲಿ ಮುಳುಗಬೇಕಿಲ್ಲ. ಪ್ರೊಡಕ್ಷನ್ ಮುಖ್ಯಸ್ಥರು ಲೈನ್ ಬಗ್ಗೆ ಏನಾದರೂ ನಿರ್ಧರಿಸುವ ಮೊದಲು ಯಾರನ್ನು ಕರೆದು ಕೇಳುತ್ತಾರೆ? ಒಬ್ಬ ಹಳೆಯ ಸೂಪರ್‌ವೈಸರ್ ಇರಬಹುದು, ಪ್ಲಾನಿಂಗ್‌ನವರು ಇರಬಹುದು. ಮುಂದಿನ ಸಲ ಮೊದಲು ಅವರ ಹತ್ತಿರ ಹೋಗಿ ‘ಇದರಲ್ಲಿ ಏನು ತೊಂದರೆ ಕಾಣುತ್ತದೆ?’ ಎಂದು ಕೇಳಿ. ‘ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರ ಮಾತ್ರ ಸಿಗುತ್ತದೆ.

ಆಮೇಲೆ ಪ್ರೊಡಕ್ಷನ್ ಮುಖ್ಯಸ್ಥರ ಹತ್ತಿರವೇ ಹೋಗಿ, ಮೀಟಿಂಗ್‌ಗೆ ವಾರದ ಮೊದಲು. ಅವರ ವಿರೋಧವನ್ನು ಇಬ್ಬರೇ ಇರುವಾಗ ಕೇಳಿಸಿಕೊಳ್ಳಿ. ಹತ್ತು ಜನರೆದುರು ಒಂದು ಸಲ ‘ಆಗಲ್ಲ’ ಅಂದವರಿಗೆ ಅದನ್ನು ವಾಪಸ್ ತೆಗೆದುಕೊಳ್ಳುವುದು ಮರ್ಯಾದೆಯ ಪ್ರಶ್ನೆಯಾಗುತ್ತದೆ. ನಿಮ್ಮ ಐಡಿಯಾ ನಾಲ್ಕು ತಿಂಗಳ ಮೇಲೆ ಅವರ ಹೆಸರಲ್ಲಿ ಬಂದದ್ದಕ್ಕೆ ಇದೂ ಒಂದು ಕಾರಣ ಇರಬಹುದು. ಅದರಲ್ಲಿ ಹುರುಳಿದೆ ಎಂದು ಅವರಿಗೆ ಆಮೇಲೆ ಅನ್ನಿಸಿದೆ, ಆದರೆ ನಿಮ್ಮದು ಎಂದು ಒಪ್ಪಿಕೊಂಡರೆ ಅವತ್ತಿನ ಮಾತು ನುಂಗಬೇಕಾಗುತ್ತದೆ.

ಕ್ರೆಡಿಟ್ ಹೋದದ್ದು ತಪ್ಪೇ. ಅದನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ನಾಲ್ಕು ತಿಂಗಳ ಮೇಲೆ ‘ಅದು ನನ್ನದು’ ಎಂದು ಹೊರಟರೆ ಕೇಳುವವರಿಗೆ ಅದು ಬರೀ ಜಗಳವಾಗಿ ಕಾಣುತ್ತದೆ. ಈಗ ಉಳಿದಿರುವ ಒಳ್ಳೆಯ ದಾರಿ ಎಂದರೆ ಆ ಕೆಲಸದ ಫಲಿತಾಂಶದ ಲೆಕ್ಕ ಇಡುವುದನ್ನು ನಿಮ್ಮ ಕೈಗೆ ತೆಗೆದುಕೊಳ್ಳುವುದು. ಮೊದಲ ಪ್ರಸ್ತಾವದ ಮೇಲ್‌ಗೇ ಉತ್ತರವಾಗಿ, ಅದರ ತಾರೀಕು ಎಲ್ಲರಿಗೂ ಕಾಣುವಂತೆ, ಹೀಗೆ ಬರೆಯಿರಿ: ‘ಈ ಪ್ರಸ್ತಾವದ ಮೊದಲ ಭಾಗವನ್ನು ಪ್ರೊಡಕ್ಷನ್ ತಂಡ ಜಾರಿಗೆ ತಂದದ್ದು ಸಂತೋಷ. ವಾಪಸ್ ಮಾಲಿನ ಅಂಕಿಅಂಶ ನಾವು ಪ್ರತಿ ತಿಂಗಳು ಕಳಿಸುತ್ತೇವೆ. ಎರಡನೆಯ ಭಾಗದ ಬಗ್ಗೆ ಮುಂದಿನ ತಿಂಗಳು ಮಾತಾಡೋಣ.’ ಇದರಲ್ಲಿ ಯಾರ ಮೇಲೂ ಆರೋಪವಿಲ್ಲ. ಐಡಿಯಾ ಎಲ್ಲಿಂದ ಬಂತು ಎಂದು ಓದಿದವರಿಗೆ ಗೊತ್ತಾಗುತ್ತದೆ. ಇನ್ನು ಮುಂದೆ, ಮೀಟಿಂಗ್‌ಗೆ ಮೊದಲೇ ಪ್ರಸ್ತಾವ ನಿಮ್ಮ ಹೆಸರಿನಲ್ಲಿ ಎಲ್ಲರಿಗೂ ಹೋಗಿರಲಿ. ಬೇಕಾದರೆ ಪ್ರೊಡಕ್ಷನ್‌ನ ಒಬ್ಬರ ಹೆಸರನ್ನೂ ಜೊತೆಗೆ ಸೇರಿಸಿ. ಹಂಚಿಕೊಂಡ ಕ್ರೆಡಿಟ್ ಅರ್ಧವಾದರೂ ಉಳಿಯುತ್ತದೆ, ಕೆಲಸ ಪೂರ್ತಿ ಆಗುತ್ತದೆ.

ಇಷ್ಟು ಹೊತ್ತು ನಾನು ಹೊಂದಾಣಿಕೆಯ ಮಾತಾಡಿದೆ. ಆದರೆ ಎಲ್ಲಕ್ಕೂ ಹೊಂದಿಕೊಳ್ಳಬಾರದು. ಕ್ವಾಲಿಟಿಯಲ್ಲಿ ಇರುವವರು ಇದನ್ನು ಉಳಿದವರಿಗಿಂತ ಗಟ್ಟಿಯಾಗಿ ಹಿಡಿದಿರಬೇಕು.

1986ರ ಜನವರಿ 27ರ ರಾತ್ರಿ. ಮರುದಿನ ಬೆಳಿಗ್ಗೆ ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಬೇಕಿತ್ತು. ಅದರ ರಾಕೆಟ್ ತಯಾರಿಸಿದ ಮಾರ್ಟನ್ ಥಯೋಕಾಲ್ ಕಂಪನಿಯ ಎಂಜಿನಿಯರ್‌ಗಳು, ಇಷ್ಟು ಚಳಿಯಲ್ಲಿ ರಬ್ಬರ್ ಸೀಲ್‌ಗಳು ಕೆಲಸ ಮಾಡದೇ ಹೋಗಬಹುದು, ಹಾರಿಸಬೇಡಿ ಎಂದು ಫೋನ್ ಮೀಟಿಂಗ್‌ನಲ್ಲಿ ಹೇಳಿದರು. ನಾಸಾ ಅಧಿಕಾರಿಗಳಿಗೆ ಅದು ಇಷ್ಟವಾಗಲಿಲ್ಲ. ಕಂಪನಿಯ ಮ್ಯಾನೇಜರ್‌ಗಳು ಸ್ವಲ್ಪ ಸಮಯ ಕೇಳಿ ತಮ್ಮಲ್ಲೇ ಮಾತಾಡಿದರು. ಎಂಜಿನಿಯರಿಂಗ್ ಉಪಾಧ್ಯಕ್ಷರಿಗೆ ಅಲ್ಲಿದ್ದ ಹಿರಿಯರೊಬ್ಬರು ಎಂಜಿನಿಯರ್ ಟೋಪಿ ತೆಗೆದಿಟ್ಟು ಮ್ಯಾನೇಜರ್ ಟೋಪಿ ಹಾಕಿಕೊಳ್ಳುವಂತೆ ಹೇಳಿದರು. ತೀರ್ಮಾನ ತಿರುಗಿತು. ಮರುದಿನ ಹಾರಿದ 73 ಸೆಕೆಂಡ್‌ಗೆ ನೌಕೆ ಒಡೆದು ಏಳು ಜನ ಸತ್ತರು. ದೊಡ್ಡ ಗ್ರಾಹಕನನ್ನು ಮೆಚ್ಚಿಸಲು ಕಂಪನಿ ತನ್ನ ಎಂಜಿನಿಯರ್‌ಗಳ ಮಾತಿಗೆ ವಿರುದ್ಧವಾಗಿ ಹೋಯಿತು ಎಂದು ತನಿಖಾ ಆಯೋಗ ಹೇಳಿತು. ಆ ಕೋಣೆಯಲ್ಲಿ ಇದ್ದದ್ದೂ ನಿಮ್ಮ ಮೀಟಿಂಗ್‌ನಲ್ಲಿ ಇದ್ದಂಥ ಹಿತಾಸಕ್ತಿಗಳೇ. ಅಲ್ಲಿ ಪಣಕ್ಕಿಟ್ಟದ್ದು ಮಾತ್ರ ಜೀವ.

ಆದ್ದರಿಂದ ಬಳಸುವವರ ಸುರಕ್ಷತೆ, ಕಾನೂನು, ಸುಳ್ಳು ದಾಖಲೆ, ಇವು ಬಂದಲ್ಲಿ ಚೌಕಾಸಿ ಬೇಡ. ಟೆಸ್ಟ್ ರಿಪೋರ್ಟ್‌ನಲ್ಲಿ ಅಂಕಿ ತಿದ್ದಿ ಅಂದರೆ ‘ಇಲ್ಲ’ ಅನ್ನಿ, ಬರಹದಲ್ಲಿ ಅನ್ನಿ, ಪ್ರತಿ ಇಟ್ಟುಕೊಳ್ಳಿ. ಕಿರುಕುಳ, ಬೆದರಿಕೆ, ಜಾತಿ ಅಥವಾ ಲಿಂಗದ ಕಾರಣಕ್ಕೆ ತುಳಿಯುವುದು, ಇವನ್ನೂ ‘ಆಫೀಸ್ ಪಾಲಿಟಿಕ್ಸ್’ ಎಂಬ ಮೆತ್ತನೆ ಹೆಸರಿನಲ್ಲಿ ಯಾರೂ ಸಹಿಸಿಕೊಳ್ಳಬಾರದು. ಅವಕ್ಕೆ ದೂರು ಕೊಡುವ ಬೇರೆ ದಾರಿಗಳಿವೆ. ಇಬ್ಬರನ್ನು ಎತ್ತಿಕಟ್ಟುವವರು, ಬೇಕಂತಲೇ ಮಾಹಿತಿ ಮುಚ್ಚಿಡುವವರು ನಿಮ್ಮ ಸುತ್ತ ಇದ್ದರೆ ಅವರನ್ನು ಬದಲಿಸಲು ಹೋಗಬೇಡಿ. ಅವರ ಜೊತೆಗಿನ ಮಾತನ್ನು ಕಡಿಮೆ ಮಾಡಿ, ಮುಖ್ಯವಾದದ್ದನ್ನು ಮೇಲ್‌ನಲ್ಲಿ ಇಡಿ, ಮೂರನೆಯವರ ಬಗ್ಗೆ ಅವರ ಎದುರು ಒಂದು ಮಾತೂ ಆಡಬೇಡಿ.

ಕೊನೆಯ ಪ್ರಶ್ನೆ, ಬಿಡಬೇಕಾ? ಸಂಸ್ಥೆ ಹಾಳಾಗುತ್ತಿದೆ ಅನ್ನಿಸಿದಾಗ ಜನ ದನಿ ಎತ್ತುತ್ತಾರೆ ಇಲ್ಲವೇ ಹೊರನಡೆಯುತ್ತಾರೆ, ಎರಡರಲ್ಲಿ ಯಾವುದನ್ನು ಆರಿಸುತ್ತಾರೆ ಎಂಬುದರಲ್ಲಿ ಸಂಸ್ಥೆಯ ಮೇಲಿನ ನಿಷ್ಠೆಯ ಪಾತ್ರ ದೊಡ್ಡದು ಎಂದು ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ವಿವರಿಸಿದ್ದರು. ನಿಮ್ಮಲ್ಲಿ ನಿಷ್ಠೆ ಇದೆ, ಒಂಬತ್ತು ವರ್ಷ ಸುಮ್ನೆ ಯಾರೂ ಇರುವುದಿಲ್ಲ. ದನಿಯನ್ನು ನೀವು ಒಂದೇ ಸಲ ಎತ್ತಿದ್ದೀರಿ, ಅದೂ ತಯಾರಿ ಇಲ್ಲದ ಮೀಟಿಂಗ್‌ನಲ್ಲಿ. ಅಷ್ಟಕ್ಕೇ ಹೊರಡುವುದು ಬೇಗವಾಯಿತು ಅನ್ನಿಸುತ್ತದೆ. ಹೊಸ ಜಾಗದಲ್ಲೂ ಪ್ರೊಡಕ್ಷನ್‌ನವರು ಇರುತ್ತಾರೆ, ಅವರಿಗೂ ಸಂಜೆ ಅದೇ ಪ್ರಶ್ನೆ ಇರುತ್ತದೆ.

ಹೋಗುವ ನಿರ್ಧಾರಕ್ಕೆ ನಾನು ನೋಡುವ ಗುರುತು ಎರಡು. ಕಳೆದ ಕೆಲವು ವರ್ಷಗಳಲ್ಲಿ ಪ್ರಮೋಷನ್ ಪಡೆದವರ ಹೆಸರು ಬರೆದು, ಪ್ರತಿಯೊಬ್ಬರ ಎದುರು ಯಾವ ಕೆಲಸಕ್ಕಾಗಿ ಎಂದು ಪ್ರಾಮಾಣಿಕವಾಗಿ ಬರೆಯಿರಿ. ಕೋಪ ಬದಿಗಿಟ್ಟು ಬರೆದರೂ ಹೆಚ್ಚಿನವರ ಎದುರು ಏನೂ ಬರೆಯಲು ಸಿಗದಿದ್ದರೆ ಅದು ಒಂದು. ಕೆಟ್ಟ ಸುದ್ದಿಯನ್ನು ಮೊದಲು ತಂದವರಿಗೆ ಏನಾಯಿತು ಎಂಬುದು ಇನ್ನೊಂದು. ಅವರನ್ನು ಬೈದು ಮೂಲೆಗೆ ಹಾಕಿದ್ದರೆ, ಆ ಸಂಸ್ಥೆಯಲ್ಲಿ ಕ್ವಾಲಿಟಿಯವರಿಗೆ ಭವಿಷ್ಯ ಕಷ್ಟ.

ನನ್ನ ಸಲಹೆ ಇಷ್ಟು. ಮುಂದಿನ ವರ್ಷದ ಟಾರ್ಗೆಟ್‌ಗಳು ನಿಗದಿಯಾಗುವ ತಿಂಗಳನ್ನು ಗುರುತು ಹಾಕಿಕೊಳ್ಳಿ. ಅದಕ್ಕೆ ಎಂಟು ವಾರ ಮೊದಲೇ, ಅವತ್ತು ಬೆಂಬಲ ಕೊಟ್ಟಿದ್ದರೆ ಏನು ಕಷ್ಟ ಆಗುತ್ತಿತ್ತು ಎಂಬ ಆ ಪ್ರಶ್ನೆಯನ್ನು ಬಾಸ್ ಹತ್ತಿರ ಕೇಳಿ, ಪ್ರೊಡಕ್ಷನ್‌ನವರ ಜೊತೆ ಕೂತು ಪ್ರಸ್ತಾವದ ಎರಡನೆಯ ಭಾಗ ತಿದ್ದಿ. ತಪಾಸಣೆಯ ಸಮಯವನ್ನು ಟಾರ್ಗೆಟ್‌ನಿಂದ ಕಳೆಯುವ ಸಾಲನ್ನು ಅದರಲ್ಲಿ ಸೇರಿಸಿ, ಇಬ್ಬರ ಹೆಸರಿನಲ್ಲಿ ಕಳಿಸಿ. ಆಗಲೂ ಕಾರಣ ಕೊಡದೆ ತಳ್ಳಿಹಾಕಿದರೆ ಬೇರೆ ಕಡೆ ಅರ್ಜಿ ಹಾಕಿ. ಸಂದರ್ಶನದಲ್ಲಿ ನೀವೂ ಒಂದು ಪ್ರಶ್ನೆ ಕೇಳಿ: ‘ನಿಮ್ಮಲ್ಲಿ ವಾಪಸ್ ಬಂದ ಮಾಲು ಯಾವ ವಿಭಾಗದ ಲೆಕ್ಕಕ್ಕೆ ಹೋಗುತ್ತದೆ?’ ಉತ್ತರ ಕೊಡುವವರು ತಡವರಿಸಿದರೆ, ಅಲ್ಲಿಯೂ ಇದೇ ಮೀಟಿಂಗ್ ನಿಮಗಾಗಿ ಕಾಯುತ್ತಿದೆ ಎಂದು ತಿಳಿದುಕೊಂಡೇ ಸೇರಿ.